ಜೇಕು ಜಜ್ಜುವ ಕಲ್ಲು

ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದುದು ಕಲ್ಲಿನ ಸದ್ದಿನಿಂದ. ಅಪ್ಪ ಐದೂವರೆಗೆ ಎದ್ದು, ಹಣೆಗೆ ವಿಭೂತಿ ಹಚ್ಚಿಕೊಂಡು ಅಂಗಳದ ಲಾನಿಗೆ ಇಳಿಯುತ್ತಿದ್ದ. ಹಳೆಯ ಹತ್ತಿ ಚೀಲವೊಂದನ್ನು ಮಡಚಿ ಮೊಣಕಾಲ ಕೆಳಗೆ ಹಾಕಿಕೊಳ್ಳುತ್ತಿದ್ದ. ಹುಲ್ಲಿನ ನಡುವೆ ತಲೆ ಎತ್ತಿದ ಜೇಕಿನ ಕಳೆಯನ್ನು ಹುಡುಕಿ, ಬೆರಳಿಗೆ ಸುತ್ತಿ ಕಿತ್ತು, ಬುಡದಲ್ಲಿ ಗಡ್ಡೆ ಬಂದಿದ್ದರೆ ಅದನ್ನು ಒಂದು ಚಪ್ಪಟೆ ಕಲ್ಲಿನ ಮೇಲಿಟ್ಟು ಗುಂಡುಕಲ್ಲಿನಿಂದ ಜಜ್ಜುತ್ತಿದ್ದ. ಕಡಲೆಕಾಳಿನ ಗಾತ್ರದ ಕಪ್ಪು ಗಡ್ಡೆ. ಒಂದೇ ಏಟು ಸಾಕಾಗುತ್ತಿತ್ತು. ಅಪ್ಪ ಮೂರು ಹೊಡೆಯುತ್ತಿದ್ದ. ಜಜ್ಜಿದ ಗಡ್ಡೆಯಿಂದ ಕರ್ಪೂರದಂಥ ವಾಸನೆ ಎದ್ದು ಅಡುಗೆಮನೆಯ ಕಿಟಕಿಯವರೆಗೂ ಬರುತ್ತಿತ್ತು. ಅವ್ವ ಕಿಟಕಿ ಮುಚ್ಚುತ್ತಿರಲಿಲ್ಲ. ಮುಚ್ಚಿದರೆ ಸದ್ದಾಗುತ್ತದೆ.

ಮೂರು ಏಟುಗಳ ನಡುವೆ ಎರಡು ಮೌನಗಳು. ನಾನು ಹಾಸಿಗೆಯಲ್ಲಿ ಮಲಗಿಕೊಂಡೇ ಅವನ್ನು ಕೇಳುತ್ತಿದ್ದೆ. ಅವು ಗಿಡ್ಡವಾಗಿದ್ದ ದಿನ ಮನೆಯಲ್ಲಿ ಏನಾದರೂ ಒಡೆಯುತ್ತಿತ್ತು. ಕೆಲವೊಮ್ಮೆ ಚಹಾದ ಕಪ್ಪು, ಕೆಲವೊಮ್ಮೆ ಕನ್ನಡಿ, ಕೆಲವೊಮ್ಮೆ ಅವ್ವನ ತುಟಿ.

ಹುಬ್ಬಳ್ಳಿಯ ಉಣಕಲ್ಲಿನ ನಮ್ಮ ಬಡಾವಣೆಯಲ್ಲಿ ಲಾನ್ ಇದ್ದದ್ದು ನಮ್ಮ ಮನೆಯೊಂದಕ್ಕೇ. ಉಳಿದವರು ಅಂಗಳಕ್ಕೆ ಫರಸಿಕಲ್ಲು ಹಾಸಿ ಕಾರು ನಿಲ್ಲಿಸುತ್ತಿದ್ದರು. ನಮ್ಮ ಲಾನನ್ನು ಹಾಕಿದವರು ಕೆಲಗೇರಿಯ ಕಮರುದ್ದೀನ. ನಾನು ಅವರನ್ನು ಕಮರೂ ಕಾಕಾ ಎನ್ನುತ್ತಿದ್ದೆ, ಅವರು ನನ್ನನ್ನು ತಂಗಿ ಎನ್ನುತ್ತಿದ್ದರು. ಮೂರು ವರ್ಷದ ಹಿಂದೆ ಲಾರಿಯಲ್ಲಿ ಕೆಂಪು ಮಣ್ಣು ತರಿಸಿ, ಜರಡಿ ಹಿಡಿದು, ಸಮ ಮಾಡಿ, ಅದರ ಮೇಲೆ ಹುಲ್ಲಿನ ಚಾಪೆಗಳನ್ನು ಅಂಚಿಗೆ ಅಂಚು ಕೂಡಿಸಿ ಹಾಸಿದ್ದರು. ಆಮೇಲೆ ವಾರಕ್ಕೆ ಮೂರು ದಿನ ಹಳೆಯ ಮೊಪೆಡ್ ಮೇಲೆ ಬರುತ್ತಿದ್ದರು. ಅವರು ಜೇಕು ತೆಗೆಯುವ ರೀತಿಯೇ ಬೇರೆ. ಕೀಳುತ್ತಿರಲಿಲ್ಲ. ಕುಕ್ಕರಗಾಲಲ್ಲಿ ಕೂತು, ತೆಳ್ಳನೆಯ ಕಬ್ಬಿಣದ ಸಲಾಕೆಯನ್ನು ಗಿಡದ ಪಕ್ಕಕ್ಕೆ ಇಳಿಸಿ, ಮಣ್ಣನ್ನು ಸಡಿಲಿಸಿ, ಬುಡದಿಂದ ಹೊರಟ ಎಳೆಯನ್ನು ಬೆರಳಿನಲ್ಲಿ ಹಿಂಬಾಲಿಸುತ್ತ ಹೋಗಿ, ಕೊನೆಯಲ್ಲಿದ್ದ ಗಡ್ಡೆಯನ್ನು ಹೊರಗೆ ತಂದು ಡಬ್ಬಿಗೆ ಹಾಕುತ್ತಿದ್ದರು. ಒಂದು ಗಿಡಕ್ಕೆ ಹತ್ತು ನಿಮಿಷ. ಅಪ್ಪನಿಗೆ ಆ ನಿಧಾನ ಕಂಡರೆ ಆಗುತ್ತಿರಲಿಲ್ಲ.

ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದ ಹೊತ್ತಿಗೆ ಈ ವರ್ಷ ಜೇಕು ಎಂದೂ ಇಲ್ಲದಷ್ಟು ಎದ್ದಿತು.

“ಎಳಿಬ್ಯಾಡ್ರಿ ಸಾವಕಾರ್ರ,” ಎಂದರು ಕಾಕಾ. “ಎಳದ್ರ ಗಡ್ಡಿ ಒಳಗ ಉಳೀತೈತಿ. ಇದು ಒಂದ ಗಿಡಾ ಅಲ್ರಿ. ನೆಲದಾಗ ದಾರಕ್ಕ ಪೋಣಿಸಿಟ್ಟಾಂಗ ಇರ್ತಾವು. ಒಂದ ಕಿತ್ರ ಬಾಜೂಕಿನ ನಾಕ ಎಚ್ಚರ ಆಗ್ತಾವು.”

“ಮತ್ತೇನ, ಕೈ ಮುಗದು ಪೂಜಿ ಮಾಡ್ಲೇನ ಅದಕ್ಕ?”

“ಪೂಜಿ ನಡದೈತಲ್ರಿ. ದಿನಾ ಮುಂಜಾನಿ ಪೈಪ್ ಹಿಡದು ಅಭಿಷೇಕ ಮಾಡಾಕತ್ತೀರಿ. ಜೇಕಿಗೆ ನೆಲ ಹಸೀನ ಬೇಕಾಗಿರ್ತೈತಿ. ವಾರಕ್ಕ ಎರಡ ಸಲ ಬಿಡ್ರಿ, ಆದ್ರ ಆಳಕ್ಕ ಇಳಿಯೂಹಂಗ ಬಿಡ್ರಿ. ಹುಲ್ಲ ಮೂರ ಬೆರಳ ಎತ್ತರ ಇರ್ಲಿ. ಅದು ದಟ್ಟ ಆತಂದ್ರ ಅದರ ನೆರಳಾಗ ಕಸದ ಬೀಜ ಕಣ್ಣ ತಗ್ಯಾಂಗಿಲ್ಲ. ಬ್ಯಾಸಗಿ ಬಲಿಯೂದ್ರಾಗ ಇಷ್ಟ ಮಾಡಿದ್ರ ಸಾಕ್ರಿ.”

“ನೀ ಕಲಿಸಬ್ಯಾಡ ನನಗ,” ಎಂದ ಅಪ್ಪ. ಮರುದಿನ ಮಷಿನ್ ಹಾಕಿ ಹುಲ್ಲನ್ನು ನೆಲ ಕಾಣುವಷ್ಟು ಬೋಳಿಸಿದ. ಒಂದು ತಾಸು ನೀರು ಹಿಡಿದ. ವಾರದೊಳಗೆ ಬೋಳು ಹುಲ್ಲಿನ ಮೇಲೆ ಜೇಕು ಸೂಜಿಗಳಂತೆ ನಿಂತಿತು. ಲಾನಿನ ಎಲ್ಲ ಕಡೆಯೂ ಒಂದೇ ಸಮ ಇರಲಿಲ್ಲ. ಮೂಲೆಯ ದಾಸವಾಳದ ಬೇಲಿಯ ಹತ್ತಿರ ದಟ್ಟ, ಅಲ್ಲಿಂದ ಹರಡುತ್ತ ಬಂದು ಮೆಟ್ಟಿಲಿನ ಹತ್ತಿರ ವಿರಳ. ಕಣ್ಣಿದ್ದವರಿಗೆ ಅದು ಎಲ್ಲಿಂದ ಹೊರಟಿದೆ ಎಂಬುದು ತಿಳಿಯುವಂತಿತ್ತು. ನಾನು ಆ ಮೂಲೆಯ ಕಡೆ ನೋಡುವುದನ್ನು ಬಿಟ್ಟಿದ್ದೆ.

ಅದು ಯಾಕೆಂದು ಹೇಳಬೇಕಾದರೆ ಅವ್ವನ ಕೈಯಿಂದ ಶುರು ಮಾಡಬೇಕು.

ಆರು ವರ್ಷದ ಹಿಂದೆ ಅಪ್ಪ ಅವ್ವನ ಬಲಗೈಯನ್ನು ಬಾಗಿಲ ಸಂದಿಯಲ್ಲಿ ಹಿಡಿದು ಬಾಗಿಲು ಹಾಕಿದ್ದ. ಕಾರಣ ಈಗ ನೆನಪಿಲ್ಲ. ನಾನು ಪಕ್ಕದ ಕೋಣೆಯಲ್ಲಿ ಎಂ.ಎ. ಪರೀಕ್ಷೆಗೆ ಓದುತ್ತಿದ್ದೆ. ಬಾಗಿಲು ಎರಡು ಸಲ ಹಾಕಿದ ಸದ್ದು ಕೇಳಿತು. ಅವ್ವನ ದನಿ ಕೇಳಲಿಲ್ಲ. ದವಾಖಾನೆಯಲ್ಲಿ ಡಾಕ್ಟರು ಕಾಗದ ಹಿಡಿದು “ಹೆಂಗಾತು?” ಎಂದಾಗ ಅವ್ವ ನನ್ನ ಮುಖ ನೋಡಿದಳು. ಅಪ್ಪ ಕಿಟಕಿಯ ಹೊರಗೆ ನೋಡಿದ. “ಬಚ್ಚಲದಾಗ ಜಾರಿ ಬಿದ್ದಾಳ್ರಿ,” ಎಂದೆ. ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಆ ಮಾತು ನನ್ನ ಬಾಯಲ್ಲಿ ಮೊದಲೇ ಸಿದ್ಧವಾಗಿ ಕೂತಂತಿತ್ತು. ಮುರಿದ ಎಲುಬು ಕೂಡಿತು, ಆದರೆ ಮಣಿಕಟ್ಟು ತಿರುಗದಾಯಿತು. ಅವ್ವ ಎಡಗೈಯಲ್ಲಿ ರೊಟ್ಟಿ ಬಡಿಯಲು ಕಲಿತಳು.

ಅವ್ವನ ತಮ್ಮ ಯಮನಪ್ಪ ಮಾವ ಶಿರಗುಪ್ಪಿಯಲ್ಲಿ ಒಕ್ಕಲುತನ ಮಾಡುವವನು. ಬಚ್ಚಲದ ಕತೆಯನ್ನು ಅವನು ನಂಬಲಿಲ್ಲ. ತಿಂಗಳ ನಂತರ ಅಪ್ಪನ ದಲಾಲಿ ಅಂಗಡಿಯಿದ್ದ ಹತ್ತಿ ಮಾರುಕಟ್ಟೆಗೆ ಬಂದು, ಹರಾಜಿನ ಸವಾಲು ನಡೆದ ಹೊತ್ತಿನಲ್ಲಿ, ಉಳಿದ ದಲಾಲರ ಎದುರಿಗೆ ಅಪ್ಪನ ಕಪಾಳಕ್ಕೆ ಹೊಡೆದ. “ಇದು ನಮ್ಮಕ್ಕನ ಕೈ ಮುರದದ್ದಕ್ಕ” ಎಂದಷ್ಟೇ ಹೇಳಿ ಬಸ್ಸು ಹತ್ತಿದ. ಅಪ್ಪ ಆ ಹಂಗಾಮಿಗೇ ಅಂಗಡಿ ಮುಚ್ಚಿದ. ಮನೆಗೆ ಬಂದು ಅವ್ವನಿಗೆ ಒಂದೇ ಮಾತು ಹೇಳಿದ: “ಶಿರಗುಪ್ಪಿಯಿಂದ ಒಂದ ಕಡ್ಡಿ ಈ ಮನಿಗೆ ಬಂತಂದ್ರ ನಿನ್ನ ಇನ್ನೊಂದ ಕೈ ಇರಂಗಿಲ್ಲ.”

ಕಡ್ಡಿ ಬರಲಿಲ್ಲ. ಮಣ್ಣು ಬಂತು.

ಕಾರಹುಣ್ಣಿಮೆ ಕಳೆದ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಅವತ್ತು ಮಣ್ಣಿನ ಜೋಡೆತ್ತು ಮಾಡಿ ಪೂಜಿಸುತ್ತೇವೆ. ಪೇಟೆಯಲ್ಲಿ ಕುಂಬಾರರು ಮಾಡಿದ ಚಂದದ ಎತ್ತುಗಳು ಸಿಗುತ್ತವೆ. ಅಪ್ಪ ನಮ್ಮ ಮನೆಯವೂ ಅಂಥವೇ ಎಂದುಕೊಂಡಿದ್ದ. ಆದರೆ ಅವ್ವ ತವರಿನ ಕಪ್ಪು ಎರೆಮಣ್ಣಿನಿಂದಲೇ ತಾನೇ ಮಾಡುತ್ತಿದ್ದಳು. ಎಡಗೈಯಲ್ಲಿ ಮಾಡಿದ್ದರಿಂದ ಅವು ಒಂದು ಮಗ್ಗುಲಿಗೆ ವಾಲುತ್ತಿದ್ದವು. ಕಣ್ಣಿಗೆ ಗುಲಗಂಜಿ ಒತ್ತುತ್ತಿದ್ದಳು. ಅಪ್ಪ ಕೈ ಮುಗಿಯುವಾಗಲೂ ಅವುಗಳ ಕಡೆ ಸರಿಯಾಗಿ ನೋಡುತ್ತಿರಲಿಲ್ಲ. ಮಾವ ಹುಬ್ಬಳ್ಳಿಯ ಬಸ್ ನಿಲ್ದಾಣಕ್ಕೆ ಆ ಮಣ್ಣಿನ ಒಂದು ಸಣ್ಣ ಗಂಟು ತಂದುಕೊಡುತ್ತಿದ್ದ. ಅದನ್ನು ಗೊಬ್ಬರದ ಚೀಲದ ಅಡಿ ಇಟ್ಟುಕೊಂಡು ಮನೆಗೆ ತರುತ್ತಿದ್ದವರು ಕಮರೂ ಕಾಕಾ. ಅವ್ವನಿಗೂ ಅವಳ ತಮ್ಮನಿಗೂ ನಡುವೆ ಉಳಿದಿದ್ದು ವರ್ಷಕ್ಕೆ ಆ ಒಂದು ಗಂಟು.

ಮೊದಲ ವರ್ಷವೇ ಕಾಕಾ ಅವ್ವನಿಗೆ ಎಚ್ಚರಿಕೆ ಕೊಟ್ಟಿದ್ದರು. “ಅವ್ವಾರ, ಎರಿ ಮಣ್ಣಿನ್ಯಾಗ ಜೇಕಿನ ಗಡ್ಡಿ ಇರ್ತಾವು. ಎತ್ತು ಆದಮ್ಯಾಗ ಕೆರ್ಯಾಗ ಬಿಡ್ರಿ. ಈ ಅಂಗಳದಾಗ ಮಾತ್ರ ಹಾಕಬ್ಯಾಡ್ರಿ.”

ಪೂಜಿಸಿದ ಎತ್ತನ್ನು ಕಸಕ್ಕೆ ಎಸೆಯುವಂತಿಲ್ಲ. ನೀರಿಗೆ ಬಿಡಬೇಕು, ಇಲ್ಲವೆ ಮಣ್ಣಿಗೆ ಸೇರಿಸಬೇಕು. ಅವ್ವ ಎಲ್ಲಿಗೆ ಹೋದರೂ ಅಪ್ಪನಿಗೆ ಲೆಕ್ಕ ಹೇಳಬೇಕಾಗಿತ್ತು. ಅದಕ್ಕೆ ಅವುಗಳನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನನ್ನ ಕೈಗೆ ಕೊಟ್ಟಳು. ಉಣಕಲ್ ಕೆರೆ ಹತ್ತು ನಿಮಿಷದ ದಾರಿ. ಮಳೆ ಹನಿಯುತ್ತಿತ್ತು. ನಾನು ಬೇಲಿಯ ಮೂಲೆಗೆ ಹೋಗಿ, ದಾಸವಾಳದ ಬುಡದಲ್ಲಿ ಎತ್ತುಗಳನ್ನು ಪುಡಿ ಮಾಡಿ, ಕಾಲಿನಿಂದ ಮಣ್ಣು ಎಳೆದು ಒಳಗೆ ಬಂದೆ. “ಬಿಟ್ಟಿ?” ಎಂದಳು ಅವ್ವ. “ಬಿಟ್ಟೆ,” ಎಂದೆ. ಮರುವರ್ಷ ಹಾಗೆಯೇ ಮಾಡಿದೆ. ಅದರ ಮರುವರ್ಷವೂ.

ರಂಗಪಂಚಮಿಯ ಬೆಳಿಗ್ಗೆ ಓಣಿಯ ತುದಿಯಲ್ಲಿ ಬಣ್ಣದಾಟಕ್ಕೆ ಚರ್ಮದ ಹಲಗೆ ಬಡಿಯುತ್ತಿದ್ದರು. ಕಾಕಾ ಬಣ್ಣ ಬೀಳುವುದಕ್ಕೆ ಮುಂಚೆ ಬಂದು ಕೆಲಸಕ್ಕೆ ಕೂತಿದ್ದರು. ಪಕ್ಕದ ಮನೆಯ ಗುರುಸಿದ್ದಯ್ಯ, ನಿವೃತ್ತ ಮಾಸ್ತರರು, ಮುಖದ ತುಂಬ ಗುಲಾಬಿ ಬಣ್ಣ ಬಳಿದುಕೊಂಡು ಕಂಪೌಂಡಿನ ಮೇಲಿಂದ ಇಣುಕಿದರು.

“ಏನ್ರಿ ಮಡಿವಾಳಪ್ಪಾರ, ಲಾನ್ ಹಾಕೀರೋ ಜೇಕಿನ ಹೊಲಾ ಮಾಡೀರೋ? ನಮ್ಮ ತಮ್ಮನ ಎಮ್ಮಿ ಕಳಸ್ಲೇನು? ಎರಡ ದಿನದಾಗ ಸ್ವಚ್ಛ ಮಾಡ್ತಾವು.”

ಅಪ್ಪ ನಕ್ಕ. ಗುರುಸಿದ್ದಯ್ಯ ಇನ್ನಷ್ಟು ನಕ್ಕು ಹಲಗೆಯ ಕಡೆಗೆ ಹೋದರು. ಅವರು ಮರೆಯಾಗುವವರೆಗೂ ಅಪ್ಪನ ಮುಖದ ಮೇಲೆ ನಗು ಹಾಗೇ ಇತ್ತು. ಆಮೇಲೆ ಹಿತ್ತಲಿಗೆ ಹೋಗಿ ಗುದ್ದಲಿ ತಂದ.

ನೇರವಾಗಿ ದಾಸವಾಳದ ಮೂಲೆಗೆ ಹೋಗಿ ಅಗೆಯತೊಡಗಿದ. ಹುಲ್ಲಿನ ಚಾಪೆ ಚರ್ಮದಂತೆ ಹರಿದು ಬಂತು. ಅದರ ಅಡಿಯಲ್ಲಿ ಗಡ್ಡೆಗಳು ಒಂದಕ್ಕೊಂದು ಕೂಡಿಕೊಂಡು ನೇತಾಡಿದವು. ಇನ್ನೂ ಅಗೆದ. ಕೆಂಪು ಮಣ್ಣಿನ ನಡುವೆ ಕಪ್ಪು ಹೆಂಟೆ ಬಂತು. ಅಪ್ಪ ಅದನ್ನು ಎತ್ತಿ ಅಂಗೈಯಲ್ಲಿ ಒಡೆದ. ಒಳಗೆ ಒಂದು ಗುಲಗಂಜಿ ಇತ್ತು, ಕೆಂಪು ಬಣ್ಣ ಮಾಸಿದ್ದು.

“ಕಮರುದ್ದೀನ.”

ಅಪ್ಪ ಅವರನ್ನು ಪೂರ್ತಿ ಹೆಸರಿನಿಂದ ಕರೆದದ್ದು ನಾನು ಅದೇ ಮೊದಲು ಕೇಳಿದೆ. ಕಾಕಾ ಸಲಾಕೆ ಕೆಳಗಿಟ್ಟು ಹೋದರು. ಅವ್ವ ಮೆಟ್ಟಿಲ ಮೇಲೆ ಕೂತು ಮೆಂತ್ಯದ ಸೊಪ್ಪು ಸೋಸುತ್ತಿದ್ದಳು. ನಾನು ಬಾಗಿಲಲ್ಲಿ ನಿಂತಿದ್ದೆ.

“ಈ ಮಣ್ಣ ಯಾರ ತಂದಾರ?”

ಕಾಕಾ ಹೆಂಟೆ ನೋಡಿದರು. ಗುಲಗಂಜಿ ನೋಡಿದರು. ಅವ್ವನ ಕಡೆ ನೋಡಲಿಲ್ಲ. “ನಾನ ತಂದೇನ್ರಿ. ಗೊಬ್ಬರದ ಜೋಡಿ ಬಂದಿರಬೇಕು. ತಪ್ಪಾತ್ರಿ ಸಾವಕಾರ್ರ.”

“ಎಲ್ಲೀದು ಈ ಮಣ್ಣು?”

“ಕೆಲಗೇರಿ ಕೆರಿ ಹೂಳು.”

ಅಪ್ಪ ಮಣ್ಣಿಗೆ ಉಗುಳಿ ಬೆರಳಲ್ಲಿ ತಿಕ್ಕಿದ. “ಮೂವತ್ತ ವರ್ಷ ಹತ್ತಿ ಚೀಲದ ತಳದ ಮಣ್ಣ ನೋಡೇನಿ ಲೇ ನಾ. ನನಗ ಕೆಲಗೇರಿ ಅಂತ ಹೇಳ್ತಿ?”

ಅಪ್ಪನಿಗೆ ಉತ್ತರ ಗೊತ್ತಿತ್ತು. ಅವನಿಗೆ ಬೇಕಿದ್ದುದು ಅದನ್ನು ಇನ್ನೊಬ್ಬರ ಬಾಯಿಂದ ಕೀಳುವುದು. ಗುದ್ದಲಿಯ ಕಟ್ಟಿಗೆಯ ಕಾವನ್ನು ಬೀಸಿದ. ಅದು ಕಾಕಾನ ಕಿವಿಯ ಕೆಳಗೆ ಬಿತ್ತು. ಅವರು ಮೊದಲು ಕೂತರು, ಆಮೇಲೆ ಮಗ್ಗುಲಿಗೆ ಬಿದ್ದರು. ಅಪ್ಪ ಗುದ್ದಲಿ ಎಸೆದು ಅವರ ಎದೆಯ ಮೇಲೆ ಮೊಣಕಾಲಿಟ್ಟ. ಹತ್ತಿ ಅಂಡಿಗೆಗಳನ್ನು ಹೊತ್ತು ಬೆಳೆದ ಮೈ ಅದು. ಅರವತ್ತನಾಲ್ಕು ವರ್ಷಕ್ಕೂ ಸಡಿಲಾಗಿರಲಿಲ್ಲ. ಕಾಕಾನ ಬಲಗೈಯನ್ನು ಎಳೆದು ಚಪ್ಪಟೆ ಕಲ್ಲಿನ ಮೇಲಿಟ್ಟ. ಗುಂಡುಕಲ್ಲನ್ನು ಎತ್ತಿಕೊಂಡ.

“ಯಾವೂರ ಮಣ್ಣು?”

“ಕೆಲಗೇರೀದ್ರಿ.”

ಕಲ್ಲು ಬಿತ್ತು. ನಾನು ಮೂರು ವರ್ಷದಿಂದ ದಿನವೂ ಕೇಳುತ್ತಿದ್ದ ಸದ್ದಿಗಿಂತ ಅದು ಬೇರೆಯಾಗಿರಲಿಲ್ಲ. ಕಾಕಾನ ತೋರುಬೆರಳಿನ ಉಗುರು ಸಿಡಿದು ಹುಲ್ಲಿನ ಮೇಲೆ ಬಿತ್ತು. ಅವರು ಕೂಗಲಿಲ್ಲ. ಉಸಿರು ಒಳಗೆ ಎಳೆದುಕೊಂಡರು, ಅಷ್ಟೇ.

ಮೊದಲ ಮೌನ. ನಾನು ಬಾಯಿ ತೆರೆದೆ. ‘ಎತ್ತು ಅಲ್ಲಿ ಹಾಕಿದ್ದು ನಾನು’, ಇಷ್ಟೇ ಮಾತು. ಅದನ್ನು ಹೇಳಿದರೆ, ಎತ್ತು ಎಲ್ಲಿಯದು, ಮಣ್ಣು ಎಲ್ಲಿಯದು, ಅವ್ವನ ಇನ್ನೊಂದು ಕೈ. ಹೇಳದಿದ್ದರೆ ಕಾಕಾನ ಬೆರಳು. ನಾನು ಎರಡನ್ನೂ ತೂಗುತ್ತ ನಿಂತೆ. ತೂಗುವುದು ನನಗೆ ಅಭ್ಯಾಸವಾಗಿತ್ತು. ತೂಗಿ ಮುಗಿಯುವ ಹೊತ್ತಿಗೆ ಯಾವಾಗಲೂ ಎಲ್ಲ ಆಗಿಹೋಗಿರುತ್ತಿತ್ತು.

“ಯಾವೂರಂತ ಕೇಳಾಕತ್ತೇನಿ.”

ಕಾಕಾ ತಲೆ ಅಲ್ಲಾಡಿಸಿದರು. ಎರಡನೆಯ ಸಲ ಕಲ್ಲು ಬಿತ್ತು. ಈ ಸಲ ಎಲುಬು ಒಡೆಯಿತು. ಓಣಿಯಲ್ಲಿ ಹಲಗೆ ಜೋರಾಯಿತು. ಯಾರೋ ಬೊಬ್ಬೆ ಹಾಕಿ ನಕ್ಕರು.

“ಶಿರಗುಪ್ಪೀದು,” ಎಂದಳು ಅವ್ವ.

ಮೆಂತ್ಯದ ಬುಟ್ಟಿ ಇನ್ನೂ ಅವಳ ತೊಡೆಯ ಮೇಲಿತ್ತು. “ನಮ್ಮ ಹೊಲದ್ದು. ನಾ ತರಸೇನಿ. ಅವರಿಗೆ ಬಿಡ್ರಿ.”

ಅಪ್ಪ ಮೂರನೆಯ ಏಟು ಹೊಡೆಯಲಿಲ್ಲ. ಕಲ್ಲನ್ನು ಹಿಡಿದುಕೊಂಡೇ ಎದ್ದು ಮೆಟ್ಟಿಲ ಕಡೆ ನಡೆದ. ಅವಸರ ಇರಲಿಲ್ಲ. ಅವ್ವ ಬುಟ್ಟಿಯನ್ನು ಪಕ್ಕಕ್ಕಿಟ್ಟಳು. ಓಡುತ್ತಾಳೆ ಎಂದುಕೊಂಡೆ. ಅವಳು ಎಡಗೈಯನ್ನು ಮುಂದಿನ ಮೆಟ್ಟಿಲಿನ ಮೇಲೆ ಬೆರಳು ಬಿಡಿಸಿ ಇಟ್ಟಳು.

“ಇದೊಂದ ಉಳದಿತ್ತು,” ಎಂದಳು. “ತಗೋರಿ.”

ನಾನು ಬಾಗಿಲಿನಿಂದ ಲಾನಿಗೆ ಹೇಗೆ ಬಂದೆ ಎಂಬುದು ಗೊತ್ತಿಲ್ಲ. ಅಪ್ಪನ ಬೆನ್ನ ಹಿಂದೆ ಇದ್ದೆ. ಕೈಯಲ್ಲಿ ಗುದ್ದಲಿ ಇತ್ತು. ಮೊಂಡ ಬದಿಯನ್ನು ಮುಂದೆ ಮಾಡಿ ಬೀಸಿದೆ. ಅಪ್ಪನ ಹೆಗಲಿನ ಎಲುಬು ಒಣ ತೊಗರಿಕಟ್ಟಿಗೆಯ ಹಾಗೆ ಮುರಿಯಿತು. ಕಲ್ಲು ಕೈಜಾರಿ ಮೆಟ್ಟಿಲಿಗೆ ಬಡಿದು ಉರುಳಿತು. ಅವನು ತಿರುಗಿ ನನ್ನನ್ನು ನೋಡಿದ. ಸಿಟ್ಟಿರಲಿಲ್ಲ, ಗುರುತು ಹಿಡಿಯುವವನ ಮುಖ ಇತ್ತು. ಎರಡನೆಯದನ್ನು ಮೊಣಕಾಲಿಗೆ ಹೊಡೆದೆ. ಅಪ್ಪ ತಾನೇ ಬೋಳಿಸಿದ ಹುಲ್ಲಿನ ಮೇಲೆ ಬಿದ್ದ. ಮತ್ತೆ ಗುದ್ದಲಿ ಎತ್ತಿದೆ. ಕೈ ಹಗುರವಾಗಿತ್ತು. ಸುಳ್ಳು ಹೇಳುವುದಿಲ್ಲ, ಆ ಕ್ಷಣದಲ್ಲಿ ನನಗೆ ಹಿತವಾಗಿತ್ತು.

ಕಾವು ಮೇಲೆಯೇ ನಿಂತಿತು. ಅವ್ವ ಎರಡೂ ಕೈಯಲ್ಲಿ ಅದನ್ನು ಹಿಡಿದಿದ್ದಳು, ತಿರುಗದ ಕೈಯಲ್ಲೂ.

“ಎರಡ ಸಾಕವ್ವಾ,” ಎಂದಳು.

ಆಗ ನನಗೆ ತಿಳಿಯಿತು, ನಾನು ಎಣಿಸುತ್ತಿದ್ದೆ.

ಗುರುಸಿದ್ದಯ್ಯ ಓಡಿಬಂದರು. ಎಮ್ಮೆಯ ಮಾತು ಆಡಿದ ಬಾಯಿಂದ ಈಗ “ಶಿವಶಿವಾ” ಬಿಟ್ಟು ಬೇರೆ ಬರಲಿಲ್ಲ. ಅಪ್ಪನನ್ನು ತಮ್ಮ ಕಾರಿನಲ್ಲಿ ಕೂರಿಸಿಕೊಂಡರು. ನಾನೂ ಅವ್ವನೂ ಕಾಕಾನನ್ನು ಆಟೋದಲ್ಲಿ ಕರೆದುಕೊಂಡು ಹೊರಟೆವು. ಅವ್ವ ಸೆರಗು ಹರಿದು ಅವರ ಕೈಗೆ ಸುತ್ತಿದಳು. ಅದು ತೊಯ್ದು ಬಣ್ಣ ಬದಲಾಗುವುದನ್ನು ನೋಡುತ್ತ ಕೂತೆ.

“ಕಾಕಾ, ಎತ್ತು ನಾ ಕೆರಿಗೆ ಒಯ್ಯಲಿಲ್ಲ,” ಎಂದೆ. “ಮೂರೂ ವರ್ಷ. ಅಲ್ಲೇ ಹಾಕಿದೆ.”

ಅವರು ಕಣ್ಣು ಮುಚ್ಚಿಕೊಂಡಿದ್ದರು. “ಗೊತ್ತೈತಿ ತಂಗೀ. ಅದರ ಎಳಿ ಹಿಡದ ಹೋಗಿದ್ದೆ ನಾ. ಹೋದ ವರ್ಷಾನ ಗೊತ್ತಾಗಿತ್ತು.”

“ಯಾಕ ಹೇಳಲಿಲ್ಲ?”

“ಯಾರಿಗೆ ಹೇಳ್ಲಿ?”

ಅವ್ವ ನನ್ನನ್ನು ನೋಡಿದಳು. ಬಯ್ಯಲಿಲ್ಲ. ಬಯ್ದಿದ್ದರೆ ಒಳ್ಳೆಯದಿತ್ತು.

ದವಾಖಾನೆಯ ತುರ್ತು ಕೋಣೆಯಲ್ಲಿ ಎಲ್ಲರ ಮೈಮೇಲೂ ಬಣ್ಣವಿತ್ತು. ಹಸಿರು ತಲೆ, ನೀಲಿ ಕಿವಿ, ನೇರಳೆ ಹಲ್ಲು. ಯಾವುದು ಬಣ್ಣ, ಯಾವುದು ರಕ್ತ ಎಂದು ತಿಳಿಯದೆ ನರ್ಸ್ ಒಬ್ಬಳು ಎಲ್ಲರನ್ನೂ ಒರೆಸಿ ನೋಡುತ್ತಿದ್ದಳು. ಅಪ್ಪನನ್ನೂ ಕಾಕಾನನ್ನೂ ಪಕ್ಕಪಕ್ಕದ ಮಂಚಗಳ ಮೇಲೆ ಮಲಗಿಸಿದ್ದರು. ಬೇರೆ ಮಂಚ ಖಾಲಿ ಇರಲಿಲ್ಲ. ಹರೆಯದ ಡಾಕ್ಟರ್ ಕಾಕಾನ ಕೈಗೆ ಸುತ್ತಿದ್ದ ಬಟ್ಟೆ ಬಿಚ್ಚಿದ. ಒಂದು ಬೆರಳು ಉಳಿಯುವುದಿಲ್ಲ ಎಂದ. ಇನ್ನೊಂದನ್ನು ನೋಡಬೇಕು ಎಂದ.

“ಬಣ್ಣದಾಗ ಬಡದಾಡೀರೇನು?”

“ಇಲ್ರಿ ಸಾಹೇಬ್ರ,” ಎಂದರು ಕಾಕಾ. “ತೋಟದಾಗ ಕಲ್ಲ ಎತ್ತಿದ್ದೆ. ಕೈ ಮ್ಯಾಲೆ ಬಿತ್ತು.”

ಡಾಕ್ಟರ್ ಬರೆದುಕೊಂಡ. ಅಪ್ಪನ ಕಡೆ ತಿರುಗಿದ. “ನಿಮಗೇನಾತ್ರಿ?”

ಅಪ್ಪ ನನ್ನ ಮುಖ ನೋಡಿದ. ಆರು ವರ್ಷದ ಹಿಂದೆ ಅವ್ವ ನೋಡಿದ ಹಾಗೆಯೇ. ಅವನ ತುಟಿ ಬಿಳಿಚಿತ್ತು.

“ಬಚ್ಚಲದಾಗ,” ಎಂದ. “ಜಾರಿ ಬಿದ್ದೆ.”

ನನಗೆ ದಾರಿ ಮಾಡಿಕೊಡುತ್ತಿದ್ದ. ನಾನು ಸುಮ್ಮನಿದ್ದರೆ ಸಾಕು, ಎಲ್ಲರೂ ಮನೆಗೆ ಹೋಗಬಹುದು. ಅಗೆದ ಮೂಲೆಗೆ ಹೊಸ ಹುಲ್ಲಿನ ಚಾಪೆ ತರಿಸಬಹುದು. ಡಾಕ್ಟರ ಪೆನ್ನು ಕಾಗದದ ಮೇಲೆ ಇಳಿಯಿತು.

“ಬರೀಬ್ಯಾಡ್ರಿ,” ಎಂದೆ.

ಡಾಕ್ಟರ್ ತಲೆ ಎತ್ತಿದ. ನನ್ನ ದನಿ ನಾನು ಅಂದುಕೊಂಡಿದ್ದಕ್ಕಿಂತ ಜೋರಾಗಿತ್ತು. ಬಣ್ಣದ ಮುಖಗಳು ಕೆಲವು ಇತ್ತ ತಿರುಗಿದವು.

“ಇವರ ಕೈ ಜಜ್ಜಿದ್ದು ನಮ್ಮಪ್ಪ. ಕಲ್ಲಿನ್ಯಾಗ. ನಮ್ಮಪ್ಪನ ಹೊಡದದ್ದು ನಾನು. ಗುದ್ದಲೀಲಿಂದ.”

“ಹಿಂಗ ಹೇಳಿದ್ರ ಪೊಲೀಸರಿಗೆ ತಿಳಸಬೇಕಾಗ್ತದ ನೋಡ್ರಿ,” ಎಂದ ಡಾಕ್ಟರ್. “ಇಬ್ಬರದೂ.”

“ತಿಳಸ್ರಿ.”

ಕಾಕಾ ಕಣ್ಣು ತೆರೆದು ನನ್ನನ್ನು ನೋಡಿ ಮತ್ತೆ ಮುಚ್ಚಿದರು. ಅಪ್ಪ ಗೋಡೆಯ ಕಡೆ ತಿರುಗಲು ಹೋಗಿ, ಹೆಗಲು ನೊಂದು, ಅರ್ಧಕ್ಕೆ ನಿಂತ. ಡಾಕ್ಟರ್ ಬರೆದದ್ದನ್ನು ಹೊಡೆದುಹಾಕಿ ಹೊಸ ಹಾಳೆ ತೆಗೆದ. ಹೆಸರು ಕೇಳಿದ. ಶಾಂಭವಿ ಎಂದೆ. ಅವನು ಬರೆದುಕೊಂಡ.

ಅವ್ವ ನನ್ನ ಪಕ್ಕಕ್ಕೆ ಬಂದು ನಿಂತಳು. ತನ್ನ ಬಲಗೈಯನ್ನು ಡಾಕ್ಟರ ಮೇಜಿನ ಮೇಲಿಟ್ಟಳು. ಅವಳ ಉಗುರುಗಳ ಸಂದಿಯಲ್ಲಿ ಮೆಂತ್ಯದ ಹಸಿರು ಇನ್ನೂ ಇತ್ತು.

“ಆ ಬಚ್ಚಲದ್ದೂ ಹೇಳವ್ವಾ,” ಎಂದಳು.